ಕುತ್ತಿಗೆಯ ಕೆಳಗೆ ಸ್ವಾಧೀನವಿಲ್ಲದವನು ಸ್ಕೂಬಾ ಕಲಿಯಬಹುದೇ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ, ಶಿರಸಿ ಸೀಮೆಯವನು. ಹನ್ನೊಂದು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಕೊಳೆಮದ್ದು ಹೊಡೆಯಲು ಅಡಿಕೆ ಮರ ಹತ್ತಿದ್ದಾಗ ಜಾರಿ ಬಿದ್ದು ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ವೈದ್ಯರು ಅದನ್ನು ಸಿ-6, ಅಂದರೆ ಕುತ್ತಿಗೆಯ ಆರನೆಯ ಮಟ್ಟದ ಪೆಟ್ಟು, ಎನ್ನುತ್ತಾರೆ. ಭುಜ ಆಡುತ್ತದೆ, ಮೊಣಕೈ ಮಡಚಬಲ್ಲೆ, ಮಣಿಕಟ್ಟನ್ನು ಮೇಲಕ್ಕೆ ಎತ್ತಬಲ್ಲೆ. ಬೆರಳುಗಳು ಮಾತ್ರ ಕೇಳುವುದಿಲ್ಲ. ಎದೆಯಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಗಾಲಿಕುರ್ಚಿ ಮತ್ತು ಕ್ಯಾಥೆಟರ್ (ಮೂತ್ರದ ನಳಿಕೆ) ಜೊತೆಗೇ ಇರುತ್ತವೆ.

ಕಳೆದ ಬೇಸಿಗೆಯಲ್ಲಿ ನೆಂಟರ ಹುಡುಗನೊಬ್ಬ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿ ಬಂದು ವಿಡಿಯೊ ತೋರಿಸಿದ. ಅವನು ಮೀನು ತೋರಿಸುತ್ತಿದ್ದರೆ ನಾನು ಅವನನ್ನೇ ನೋಡುತ್ತಿದ್ದೆ, ಏಕೆಂದರೆ ಅವನು ಕೈಕಾಲು ಆಡಿಸದೆ ನೀರಿನ ನಡುವೆ ಸುಮ್ಮನೆ ತೇಲಿಕೊಂಡಿದ್ದ. ಕೈಕಾಲು ಆಡಿಸದೆ ಇರುವುದರಲ್ಲಿ ನನಗೆ ಅವನಿಗಿಂತ ಹೆಚ್ಚಿನ ಅನುಭವವಿದೆ ಎಂದು ಅವತ್ತೇ ತಮಾಷೆ ಮಾಡಿದ್ದೆ. ಆ ತಮಾಷೆ ಈಗ ತಲೆಯಲ್ಲಿ ಕುಳಿತುಬಿಟ್ಟಿದೆ.

ಇಬ್ಬರು ಆಯೋಜಕರಿಗೆ ಫೋನ್ ಮಾಡಿದೆ. ಮೊದಲನೆಯವರು ನಾನು ಮಾತು ಮುಗಿಸುವ ಮುನ್ನವೇ ‘ನಿಮ್ಮಂಥವರಿಗೆ ಆಗುವುದಿಲ್ಲ ಸರ್’ ಎಂದು ಫೋನ್ ಇಟ್ಟರು. ಎರಡನೆಯವರು ‘ಬನ್ನಿ, ಎತ್ತಿ ನೀರಿಗೆ ಬಿಡುತ್ತೇವೆ, ಇಪ್ಪತ್ತು ನಿಮಿಷ ತೋರಿಸಿ ಎತ್ತಿಕೊಂಡು ಬರುತ್ತೇವೆ’ ಎಂದರು. ಪೆಟ್ಟು ಎಲ್ಲಿ ಆಗಿದೆ, ಉಸಿರಾಟ ಹೇಗಿದೆ ಎಂದು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಎರಡನೆಯವರ ಉತ್ತರವೇ ಹೆಚ್ಚು ಭಯ ಹುಟ್ಟಿಸಿತು. ನನಗೆ ಬೇಕಿರುವುದು ಕಲಿಯುವುದು, ನೋಡಿ ಬರುವುದಷ್ಟೇ ಅಲ್ಲ. ಅನುಭವವಿರುವವರು ದಯವಿಟ್ಟು ಹೇಳಿ.

ಧಾರವಾಡದ ಪೇಡೆ:
ಆಕ್ಸಿಜನ್ ಸಿಲಿಂಡರ್ ಹಾಕಿಕೊಂಡ ಮೇಲೆ ಉಸಿರಾಟದ ತೊಂದರೆ ಎಲ್ಲಿಂದ ಬರಬೇಕು? ಧೈರ್ಯವಾಗಿ ಹೋಗಿ ಬನ್ನಿ.

ಲೆಕ್ಕಿಗ:
ಪೇಡೆಯವರೇ, ಅದು ಆಕ್ಸಿಜನ್ ಸಿಲಿಂಡರ್ ಅಲ್ಲ. ಸ್ಕೂಬಾ ಸಿಲಿಂಡರಿನಲ್ಲಿ ಇರುವುದು ಸೋಸಿ ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿದ ಸಾಮಾನ್ಯ ಗಾಳಿ. ಅದರಲ್ಲಿ ಆಮ್ಲಜನಕ 21 ಪ್ರತಿಶತ. ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಅದೇ ವಿಷವಾಗಿ ಸೆಳವು ಬರಬಹುದು. ಪ್ರತಿ ಪತ್ರಿಕಾ ವರದಿಯಲ್ಲೂ ಈ ತಪ್ಪು ಇರುತ್ತದೆ, ಆದ್ದರಿಂದ ಹೇಳಬೇಕಾಯಿತು.

ರಿಹ್ಯಾಬ್ ಅಕ್ಕ:
ನಾನು ಇಪ್ಪತ್ತು ವರ್ಷಗಳಿಂದ ಬೆನ್ನುಹುರಿ ಪೆಟ್ಟಾದವರ ಪುನಶ್ಚೇತನದಲ್ಲಿ ಫಿಸಿಯೊ ಆಗಿ ಕೆಲಸ ಮಾಡುತ್ತಿದ್ದೇನೆ. ತೋಟದಮನೆ ತಮ್ಮಾ, ನಿನ್ನ ಭಯ ಸರಿಯಾದ ಜಾಗದಲ್ಲೇ ಇದೆ. ನೀರಿಗೆ ಇಳಿಯುವ ಮುನ್ನ ಈ ವಿಷಯಗಳನ್ನು ನೋಡಿಕೊಳ್ಳಬೇಕು.

ಉಸಿರಾಟದಿಂದ ಆರಂಭಿಸುತ್ತೇನೆ. ಸಿ-6 ಪೆಟ್ಟಿನಲ್ಲಿ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಲಸ ಮಾಡುತ್ತದೆ, ಆದರೆ ಪಕ್ಕೆಲುಬುಗಳ ನಡುವಿನ ಸ್ನಾಯು ಮತ್ತು ಹೊಟ್ಟೆಯ ಸ್ನಾಯು ಕೆಲಸ ಮಾಡುವುದಿಲ್ಲ. ಹಾಗಾಗಿ ಒಳಕ್ಕೆ ಎಳೆದುಕೊಳ್ಳುವುದಕ್ಕಿಂತ ಜೋರಾಗಿ ಹೊರಕ್ಕೆ ಊದುವುದು ಕಷ್ಟ, ಕೆಮ್ಮು ದುರ್ಬಲ. ಸಮುದ್ರದ ನೀರು ಒಂದು ಗುಟುಕು ಗಂಟಲಿಗೆ ಹೋದರೆ ಬೇರೆಯವರು ನಾಲ್ಕು ಸಲ ಕೆಮ್ಮಿ ಮುಗಿಸುತ್ತಾರೆ, ನಿನಗೆ ಯಾರಾದರೂ ಹೊಟ್ಟೆಯ ಮೇಲ್ಭಾಗ ಒತ್ತಿ ಕೆಮ್ಮಿಸಬೇಕಾಗುತ್ತದೆ. ನಿನ್ನ ಜೊತೆ ನೀರಿಗಿಳಿಯುವವರಿಗೆ ಇದು ಗೊತ್ತಿರಬೇಕು, ಮತ್ತು ಅವರು ಅದನ್ನು ಒಮ್ಮೆಯಾದರೂ ಕೈಯಾರೆ ಮಾಡಿ ನೋಡಿರಬೇಕು.

ಇದಕ್ಕಿಂತ ನನಗೆ ಹೆಚ್ಚು ಚಿಂತೆ ಇರುವುದು ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಬಗ್ಗೆ. ಎದೆಯ ಆರನೆಯ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ, ಮೂತ್ರಕೋಶ ತುಂಬಿದರೂ, ಬಟ್ಟೆ ಬಿಗಿಯಾದರೂ, ಚರ್ಮ ಎಲ್ಲೋ ಒತ್ತಿದರೂ, ಅದು ನಿಮಗೆ ಗೊತ್ತೇ ಆಗದಿದ್ದರೂ ದೇಹ ಗಾಬರಿಯಾಗಿ ರಕ್ತದೊತ್ತಡ ಸರ್ರನೆ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಗಾಗಿ ಬೆವರುತ್ತದೆ. ಮನೆಯಲ್ಲಾದರೆ ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಕ್ಯಾಥೆಟರ್ ಮಡಚಿದೆಯೇ ಎಂದು ನೋಡುತ್ತೇವೆ. ನೀರಿನ ಅಡಿಯಲ್ಲಿ ಇದು ಯಾವುದೂ ಸಾಧ್ಯವಿಲ್ಲ. ಅದರ ಮೇಲೆ, ನೀರಿನಲ್ಲಿ ಮುಳುಗಿದಾಗ ಕಾಲಿನ ರಕ್ತ ಎದೆಯ ಕಡೆ ಸರಿಯುವುದರಿಂದ ಮೂತ್ರಪಿಂಡಗಳು ಎಂದಿಗಿಂತ ಹೆಚ್ಚು ಮೂತ್ರ ತಯಾರಿಸುತ್ತವೆ. ಅಂದರೆ ಚೀಲ ಬೇಗ ತುಂಬುತ್ತದೆ.

ಇನ್ನು ಚರ್ಮ ಮತ್ತು ಮೂಳೆ. ಹನ್ನೊಂದು ವರ್ಷ ಭಾರ ಹೊರದ ಕಾಲಿನ ಮೂಳೆ ಟೊಳ್ಳಾಗಿರುತ್ತದೆ. ‘ಎತ್ತಿ ನೀರಿಗೆ ಬಿಡುತ್ತೇವೆ’ ಎಂದವರು ನಿನ್ನ ಕಾಲನ್ನು ದೋಣಿಯ ಅಂಚಿಗೆ ತಿರುಚಿ ಎಳೆದರೆ ತೊಡೆಯ ಮೂಳೆ ಮುರಿದೀತು, ಮುರಿದದ್ದು ಸಂಜೆ ಊತ ಬಂದ ಮೇಲಷ್ಟೇ ತಿಳಿದೀತು. ಬಿಸಿಲಿಗೆ ಕಾದ ದೋಣಿಯ ಹಲಗೆಯ ಮೇಲೆ ಬರಿಮೈಯಲ್ಲಿ ಕೂರಿಸಿದರೂ ಹುಣ್ಣಾಗುತ್ತದೆ. ನಿನ್ನ ಜೆಲ್ ದಿಂಬನ್ನು ದೋಣಿಗೂ ಒಯ್ಯಬೇಕು.

ಸಂಶಯಾತ್ಮ:
ಅಕ್ಕ ಇಷ್ಟು ಹೇಳಿದ ಮೇಲೂ ಹೋಗಬೇಕೆ? ನನ್ನನ್ನು ಕ್ರೂರಿ ಎಂದುಕೊಳ್ಳಬೇಡಿ. ಆಸೆ ಎಲ್ಲರಿಗೂ ಇರುತ್ತದೆ, ಆದರೆ ಸಮುದ್ರದಲ್ಲಿ ಒಬ್ಬರಿಗೆ ತೊಂದರೆಯಾದರೆ ರಕ್ಷಿಸಲು ಹೋದವರ ಪ್ರಾಣವೂ ಪಣಕ್ಕೆ ಬೀಳುತ್ತದೆ. ಜೊತೆಗಾರನಿಗೆ ತಿರುಗಿ ಸಹಾಯ ಮಾಡಲಾರದವರು ಮುಳುಗುವುದು ಎಷ್ಟು ನ್ಯಾಯ?

ಶಾರ್ಜಾ ಕನ್ನಡಿಗ:
ಸಂಶಯಾತ್ಮರೇ, ನಿಮ್ಮ ಪ್ರಶ್ನೆ ಹಳೆಯದು, ಅದಕ್ಕೆ ಉತ್ತರವೂ ಹಳೆಯದೇ. 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಿಮ್ ಗ್ಯಾಟಕರ್ ಎಂಬವರು ಹ್ಯಾಂಡಿಕ್ಯಾಪ್ಡ್ ಸ್ಕೂಬಾ ಅಸೋಸಿಯೇಷನ್ ಕಟ್ಟಿದಾಗಲೇ ಇದಕ್ಕೊಂದು ಕ್ರಮ ಮಾಡಿದರು. ತನ್ನನ್ನು ನೋಡಿಕೊಂಡು ಜೊತೆಗಾರನಿಗೂ ನೆರವಾಗಬಲ್ಲವರು ಎ ಹಂತ. ಅವರು ಎಲ್ಲರಂತೆ ಒಬ್ಬ ಜೊತೆಗಾರನೊಂದಿಗೆ ಮುಳುಗಬಹುದು. ತನ್ನನ್ನು ನೋಡಿಕೊಳ್ಳಬಲ್ಲರು, ಆದರೆ ಇನ್ನೊಬ್ಬರನ್ನು ಕಾಪಾಡಲಾರರು ಎಂದಾದರೆ ಬಿ ಹಂತ. ಅವರೊಂದಿಗೆ ಇಬ್ಬರು ಇರಬೇಕು. ತುರ್ತಿನಲ್ಲಿ ತನ್ನನ್ನೂ ನೋಡಿಕೊಳ್ಳಲಾರದವರು ಸಿ ಹಂತ. ಅವರಿಗೂ ಇಬ್ಬರು ಬೇಕು, ಆದರೆ ಅವರಲ್ಲಿ ಒಬ್ಬರು ರಕ್ಷಣಾ ತರಬೇತಿ ಪಡೆದಿರಲೇಬೇಕು. ಅಂದರೆ ಅಂಗವಿಕಲ ಡೈವರ್ ಯಾರಿಗೂ ನೆರವಾಗದಿದ್ದರೂ ಉಳಿದ ಇಬ್ಬರು ಪರಸ್ಪರ ಜೊತೆಗಾರರಾಗಿಯೇ ಇರುತ್ತಾರೆ. 1993ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಆರಂಭವಾದ, ಅಂಗವಿಕಲ ಡೈವರ್‌ಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಎಎಚ್‌ಡಿ ಕೂಡ ಮೂರು ಹಂತಗಳನ್ನೇ ಇಟ್ಟುಕೊಂಡಿದೆ.

ನಾನು ಇಲ್ಲಿ ಫುಜೈರಾ ಕಡೆ ಇಂಥ ಡೈವ್‌ಗಳಿಗೆ ಮೂರನೆಯವನಾಗಿ ಹೋಗುತ್ತಿರುತ್ತೇನೆ. ತೋಟದಮನೆಯವರ ವಿವರ ನೋಡಿದರೆ ಅವರು ಸಿ ಹಂತದಲ್ಲಿ ಬರುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ.

ಕಡಲಮಗ:
ನಾನು ಭಟ್ಕಳ ಕಡೆಯವನು, ಆರು ಸೀಸನ್ ನೇತ್ರಾಣಿಯಲ್ಲಿ ಡೈವ್ ಗೈಡ್ ಆಗಿದ್ದೆ. ಒಂದು ಒಳಗಿನ ಮಾತು ಹೇಳಿಬಿಡುತ್ತೇನೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೋಣಿಯಲ್ಲಿ ಬಂದು ಮೊದಲ ಸಲ ಮುಳುಗುವ ಪ್ರವಾಸಿಗರಲ್ಲಿ ಬಹಳಷ್ಟು ಜನರಿಗೆ ಈಜು ಬರುವುದಿಲ್ಲ. ನಾವು ಹಿಂದಿನಿಂದ ಸಿಲಿಂಡರಿನ ಕುತ್ತಿಗೆ ಹಿಡಿದುಕೊಂಡು ಅವರನ್ನು ಮೊದಲಿನಿಂದ ಕೊನೆಯವರೆಗೆ ದೂಡಿಕೊಂಡು ಹೋಗುತ್ತೇವೆ. ತೇಲಲು ಮುಳುಗಲು ತೊಡಿಸುವ ಜಾಕೆಟ್ಟಿಗೆ ಗಾಳಿ ತುಂಬುವುದು ನಾವು, ಬಿಡುವುದು ನಾವು, ಮೀಟರ್ ನೋಡುವುದು ನಾವು. ಅವರು ಉಸಿರಾಡುತ್ತಾರೆ, ಕಿವಿ ನೋವಾದರೆ ಸನ್ನೆ ಮಾಡುತ್ತಾರೆ, ಫೋಟೊಗೆ ಕೈ ಬೀಸುತ್ತಾರೆ. ಶಾರ್ಜಾ ಅಣ್ಣ ಹೇಳಿದ ಲೆಕ್ಕದಲ್ಲಿ ಆ ಇಪ್ಪತ್ತು ನಿಮಿಷ ಅವರೆಲ್ಲರೂ ಸಿ ಹಂತವೇ ಮಾರಾಯ್ರೆ, ಅದೂ ಇಬ್ಬರ ಬದಲು ಒಬ್ಬನೇ ಗೈಡ್ ಇಟ್ಟುಕೊಂಡು. ಕೈಕಾಲು ಸರಿಯಿರುವವರನ್ನು ಹೀಗೆ ಒಯ್ಯಲು ಯಾರೂ ಎರಡು ಸಲ ಯೋಚಿಸುವುದಿಲ್ಲ, ಗಾಲಿಕುರ್ಚಿ ಕಂಡ ಕೂಡಲೇ ‘ಆಗುವುದಿಲ್ಲ’ ಎನ್ನುತ್ತಾರೆ.

ಆರೋಗ್ಯದ ಅರ್ಜಿಯ ಕಥೆಯೂ ಹಾಗೆಯೇ. ನಾನಿದ್ದ ಕಡೆ ಅದನ್ನು ದೋಣಿ ಹತ್ತುವ ಹೊತ್ತಿಗೆ ಕೊಡುತ್ತಿದ್ದರು. ಜನ ಓದದೆ ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡುತ್ತಿದ್ದರು.

ಸಂಶಯಾತ್ಮ:
ಈಜು ಬಾರದವರನ್ನು ಒಯ್ಯುವುದೂ ತಪ್ಪೇ ಎಂದು ನನ್ನ ಅಭಿಪ್ರಾಯ. ಒಂದು ತಪ್ಪು ನಡೆಯುತ್ತಿದೆ ಎಂದು ಇನ್ನೊಂದಕ್ಕೆ ಅನುಮತಿ ಸಿಗುವುದಿಲ್ಲ. ಆದರೆ ಮೂವರು ಇರಬೇಕೆಂಬ ನಿಯಮ ನನಗೆ ಗೊತ್ತಿರಲಿಲ್ಲ, ಅದು ನನ್ನ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ.

ಹಳೆ ಹುಬ್ಬಳ್ಳಿ:
ಮುರಳೀಕಾಂತ ಪೇಟ್ಕರ್ ಅವರನ್ನು ನೆನೆಯಿರಿ. 1965ರ ಯುದ್ಧದಲ್ಲಿ ಗುಂಡು ತಗುಲಿದ ಸೈನಿಕ, 1972ರ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ನಮ್ಮ ಬೆಂಗಳೂರಿನ ಶರತ್ ಗಾಯಕವಾಡ್, ನಿರಂಜನ್ ಮುಕುಂದನ್ ಇದ್ದಾರೆ. ಮನಸ್ಸಿದ್ದರೆ ಎಲ್ಲವೂ ಸಾಧ್ಯ.

ಒಂಟಿಗಾಲಿನ ಮಂಗಳೂರಿಗ:
ಹಳೆ ಹುಬ್ಬಳ್ಳಿಯವರೇ, ನೀವು ಹೆಸರಿಸಿದವರೆಲ್ಲ ದೊಡ್ಡವರು, ಆದರೆ ‘ಮನಸ್ಸಿದ್ದರೆ ಸಾಧ್ಯ’ ಎಂಬ ಮಾತನ್ನು ನನ್ನಂಥವರ ಮುಂದೆ ದಯವಿಟ್ಟು ಆಡಬೇಡಿ. ಆಗದಿದ್ದಾಗ ಮನಸ್ಸಿನದ್ದೇ ತಪ್ಪು ಎಂದಾಗುತ್ತದೆ. ನನಗೆ ಬಲಗಾಲು ಮೊಣಕಾಲಿನ ಮೇಲಿಂದ ಇಲ್ಲ. ನಾನು ಓಪನ್ ವಾಟರ್ ಎಂಬ ಸ್ಕೂಬಾದ ಆರಂಭಿಕ ಕೋರ್ಸ್ ಮುಗಿಸಿದ್ದು ಮನಸ್ಸಿನಿಂದಲ್ಲ, ಎಡಗಾಲಿಗೆ ಸೂಕ್ತವಾದ ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಸಿಕ್ಕಿದ್ದರಿಂದ ಮತ್ತು ಮೂರು ತಿಂಗಳು ಈಜುಕೊಳಕ್ಕೆ ಬಂದ ಒಬ್ಬ ತಾಳ್ಮೆಯ ಶಿಕ್ಷಕರಿಂದ. ಒಂದೇ ಕಾಲಿನಿಂದ ಒದೆದರೆ ದೇಹ ಬುಗುರಿಯಂತೆ ತಿರುಗುತ್ತದೆ. ಅದನ್ನು ಸರಿಪಡಿಸಲು ಸೊಂಟದ ಪಟ್ಟಿಯ ತೂಕವನ್ನು ಒಂದು ಬದಿಗೆ ಸರಿಸುತ್ತಾ ಸರಿಸುತ್ತಾ ಹನ್ನೆರಡನೆಯ ತರಗತಿಯಲ್ಲಿ ನೆಟ್ಟಗಾದೆ.

ಮತ್ತೊಂದು ಮಾತು: ಈಜು ಬೇರೆ, ಸ್ಕೂಬಾ ಬೇರೆ. ಈಜಿನಲ್ಲಿ ಬಲ ಬೇಕು. ಸ್ಕೂಬಾದಲ್ಲಿ ಹೆಚ್ಚು ಕೈಕಾಲು ಬಡಿದವರು ಬೇಗ ಗಾಳಿ ಖಾಲಿ ಮಾಡಿಕೊಂಡು ಮೇಲೆ ಬರುತ್ತಾರೆ. ಆ ದೃಷ್ಟಿಯಿಂದ ತೋಟದಮನೆಯವರ ತಮಾಷೆ ಪೂರ್ತಿ ತಮಾಷೆಯಲ್ಲ.

ಹಳೆ ಹುಬ್ಬಳ್ಳಿ:
ಕ್ಷಮಿಸಿ, ನಾನು ಹಾಗೆ ಯೋಚಿಸಿರಲಿಲ್ಲ.

ತೋಟದಮನೆ:
ಎಲ್ಲರಿಗೂ ಧನ್ಯವಾದ. ಕಡಲಮಗರ ಮಾತು ಓದಿ ನಗುವೂ ಬಂತು, ಸಿಟ್ಟೂ ಬಂತು. ಆದರೆ ನನ್ನ ಪ್ರಶ್ನೆ ಉಳಿದೇ ಇದೆ. ಇಬ್ಬರು ನನ್ನನ್ನು ಹಿಡಿದುಕೊಂಡೇ ಇರುವುದಾದರೆ ನಾನು ಕಲಿಯುವುದಾದರೂ ಏನನ್ನು? ಸಾಮಾನು ಸಾಗಿಸಿದಂತೆ ಆಗುವುದಿಲ್ಲವೇ?

ಶಾರ್ಜಾ ಕನ್ನಡಿಗ:
ಕಲಿಯಲು ಬೇಕಾದಷ್ಟಿದೆ. ನಾನು ಕಂಡ ಸಿ ಹಂತದ ಡೈವರ್ ಒಬ್ಬರ ಬಗ್ಗೆ ಹೇಳುತ್ತೇನೆ. ಅವರಿಗೂ ಕುತ್ತಿಗೆಯ ಪೆಟ್ಟು. ಪಾಠ ಮತ್ತು ಲಿಖಿತ ಪರೀಕ್ಷೆ ಎಲ್ಲರಂತೆಯೇ ಪೂರ್ತಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ, ಅಲ್ಲಿ ತುಂಬಿಕೊಂಡ ಉಸಿರನ್ನು ಹಿಡಿದುಕೊಂಡು ಮೇಲೆ ಬಂದರೆ ಅದು ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನು ಹರಿದುಬಿಡಬಹುದು, ಆದ್ದರಿಂದ ಉಸಿರನ್ನು ಎಂದೂ ಹಿಡಿಯಬಾರದು ಎಂಬುದು ಅವರಿಗೂ ಬಾಯಿಪಾಠ. ಬಾಯಿಯಿಂದ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಜಾರಿದರೆ ಗುಳ್ಳೆ ಬಿಡುತ್ತಾ ಇರುವುದು, ಜೊತೆಗಾರ ಅದನ್ನು ತುಟಿಗೆ ತಂದಾಗ ಗಾಬರಿಯಾಗದೆ ಹಲ್ಲಿನಲ್ಲಿ ಕಚ್ಚಿ, ನೀರನ್ನು ಊದಿ ಆಮೇಲೆ ಎಳೆದುಕೊಳ್ಳುವುದು, ಇದನ್ನು ಅವರು ನಲವತ್ತು ಸಲವಾದರೂ ಮಾಡಿರಬೇಕು. ಮಾಸ್ಕಿನಲ್ಲಿ ನೀರು ತುಂಬಿದಾಗ ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ ಮೂಗಿನಿಂದ ಊದಿ ಹೊರಹಾಕುವುದಕ್ಕೆ ಅವರಿಗೆ ಎರಡು ಮೂರು ಉಸಿರು ಬೇಕಾಗುತ್ತಿತ್ತು, ನಮಗೆ ಒಂದು ಸಾಕು.

ಎಲ್ಲಕ್ಕಿಂತ ದೊಡ್ಡ ಪಾಠ ಸನ್ನೆ. ಹೆಬ್ಬೆರಳು ತೋರುಬೆರಳು ಸೇರಿಸಿ ‘ಸರಿ’ ಎನ್ನಲು ಬೆರಳು ಬೇಕಲ್ಲ? ಅವರು ಮೊಣಕೈ ಮಡಚಿ ಮುಷ್ಟಿಯನ್ನು ಎದೆಗೆ ತಂದರೆ ‘ಸರಿ’, ತಲೆ ಅಡ್ಡಡ್ಡ ಆಡಿಸಿದರೆ ‘ತೊಂದರೆ’, ಎರಡು ಸಲ ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ‘ಕಿವಿ’ ಎಂದು ಗೊತ್ತುಮಾಡಿಕೊಂಡಿದ್ದರು. ಹತ್ತು ಸೆಕೆಂಡಿಗೊಮ್ಮೆ ನಾವು ಅವರ ಮುಖ ನೋಡಬೇಕು. ಮೇಲೆ ಹೋಗೋಣ ಎಂದು ಅವರು ಹೇಳಿದರೆ ನಮ್ಮಲ್ಲಿ ಯಾರೂ ‘ಇನ್ನು ಐದು ನಿಮಿಷ’ ಎನ್ನುವಂತಿರಲಿಲ್ಲ. ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು, ಯಾವಾಗ ಮುಗಿಸಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದವರು ಅವರೇ. ಸಾಮಾನು ಇದನ್ನೆಲ್ಲ ಮಾಡುವುದಿಲ್ಲ.

ಲೆಕ್ಕಿಗ:
ಒಂದು ತಿದ್ದುಪಡಿಯಲ್ಲ, ಸೇರ್ಪಡೆ. ಪ್ಯಾಡಿಯಂಥ ಡೈವಿಂಗ್ ತರಬೇತಿ ಸಂಸ್ಥೆಗಳ ಓಪನ್ ವಾಟರ್ ಪ್ರಮಾಣಪತ್ರಕ್ಕೆ 200 ಮೀಟರ್ ಈಜು ಅಥವಾ ಮಾಸ್ಕ್-ಫಿನ್ ತೊಟ್ಟು 300 ಮೀಟರ್, ಜೊತೆಗೆ ಹತ್ತು ನಿಮಿಷ ತೇಲುವುದು ಕಡ್ಡಾಯ. ಮಾಡುವ ವಿಧಾನವನ್ನು ದೇಹಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು, ಆದರೆ ಫಲಿತಾಂಶದಲ್ಲಿ ರಿಯಾಯಿತಿ ಇಲ್ಲ. ಹಾಗಾಗಿ ತೋಟದಮನೆಯವರು ಆ ಕಾರ್ಡಿನ ಹಿಂದೆ ಬೀಳುವ ಬದಲು ಹಂತಗಳ ವ್ಯವಸ್ಥೆ ಇರುವ ಸಂಸ್ಥೆಯ ತರಬೇತುದಾರರನ್ನು ಹುಡುಕುವುದು ಒಳ್ಳೆಯದು.

ಧಾರವಾಡದ ಪೇಡೆ:
ನನ್ನ ಆಕ್ಸಿಜನ್ ತಪ್ಪಿನಿಂದ ಇಷ್ಟೊಂದು ವಿಷಯ ಹೊರಬಂತಲ್ಲ, ಅಷ್ಟು ಪುಣ್ಯ ನನ್ನದು. ವಿದೇಶದ ಉದಾಹರಣೆಗಳು ಇನ್ನೂ ಇವೆಯೇ?

ಶಾರ್ಜಾ ಕನ್ನಡಿಗ:
ಫ್ರಾನ್ಸಿನ ಫಿಲಿಪ್ ಕ್ರೋಯಿಜೋನ್ 1994ರಲ್ಲಿ ಟಿವಿ ಆಂಟೆನಾ ತೆಗೆಯುವಾಗ ವಿದ್ಯುತ್ ಹೊಡೆದು ಎರಡು ಕೈ, ಎರಡು ಕಾಲು ಕಳೆದುಕೊಂಡವರು. 2010ರಲ್ಲಿ ಇಂಗ್ಲಿಷ್ ಕಾಲುವೆ ಈಜಿದರು; 2013ರಲ್ಲಿ ಬ್ರಸೆಲ್ಸ್‌ನ ನೀಮೊ 33 ಎಂಬ ಆಳದ ಕೊಳದಲ್ಲಿ 33 ಮೀಟರ್ ಇಳಿದರು. ಬ್ರಿಟನ್ನಿನ ಕಲಾವಿದೆ ಸೂ ಆಸ್ಟಿನ್ 2012ರಲ್ಲಿ ಗಾಲಿಕುರ್ಚಿಗೇ ಮೋಟಾರು ಮತ್ತು ರೆಕ್ಕೆ ಜೋಡಿಸಿ ಅದರಲ್ಲೇ ಕುಳಿತು ನೀರಿನಡಿ ಸುತ್ತಾಡಿದರು. ನಮ್ಮ ದೇಶದಲ್ಲಿ ವಿಶೇಷ ಪಡೆಗಳ ನಿವೃತ್ತ ಯೋಧರು ಕಟ್ಟಿದ ಕ್ಲಾ ಗ್ಲೋಬಲ್ ತಂಡ ಅಂಗವಿಕಲರಿಗೆ ಸ್ಕೂಬಾ ಕಲಿಸುತ್ತದೆ. 2021ರ ಸೆಪ್ಟೆಂಬರಿನಲ್ಲಿ ಎಂಟು ಮಂದಿ ಅಂಗವಿಕಲರನ್ನು ಸಿಯಾಚಿನ್‌ನ ಕುಮಾರ್ ಪೋಸ್ಟ್‌ವರೆಗೆ, ಅಂದರೆ 15,632 ಅಡಿ ಎತ್ತರಕ್ಕೆ, ಕರೆದೊಯ್ದದ್ದೂ ಅವರೇ.

ವ್ಯಾಕರಣಪ್ರಿಯ:
ಇಲ್ಲಿ ಎಲ್ಲರೂ ‘ಅಂಗವಿಕಲ’ ಎನ್ನುತ್ತಿದ್ದೀರಿ. ಸರ್ಕಾರಿ ಕಾಗದಗಳಲ್ಲಿ ‘ವಿಕಲಚೇತನ’ ಎಂದಿದೆ, ಕೆಲವರು ‘ವಿಶೇಷಚೇತನ’ ಎನ್ನುತ್ತಾರೆ, ರೈಲಿನ ಬೋಗಿಯ ಮೇಲೆ ‘ದಿವ್ಯಾಂಗ’ ಎಂದಿರುತ್ತದೆ. ಯಾವುದು ಸರಿ?

ಒಂಟಿಗಾಲಿನ ಮಂಗಳೂರಿಗ:
ಏನೆಂದಾದರೂ ಕರೆಯಿರಿ ಸ್ವಾಮಿ, ದೋಣಿ ಹತ್ತಲು ಒಂದು ಅಗಲವಾದ ಹಲಗೆ ಹಾಕಿ. ಮುರ್ಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ, ನಾನು ಹೋದ ದೋಣಿಗೆ ಅಲುಗಾಡುವ ಕಬ್ಬಿಣದ ಏಣಿಯಷ್ಟೇ ಇತ್ತು.

ತೋಟದಮನೆಯ ತಂಗಿ:
ನಾನು ಇದನ್ನು ಶುರುಮಾಡಿದವರ ತಂಗಿ. ಅಣ್ಣನಿಗೆ ಹೇಳಿಯೇ ಬರೆಯುತ್ತಿದ್ದೇನೆ. ಎಲ್ಲರೂ ಅಣ್ಣನ ಧೈರ್ಯದ ಬಗ್ಗೆ, ತರಬೇತುದಾರರ ಬಗ್ಗೆ ಮಾತಾಡುತ್ತಿದ್ದೀರಿ. ಹನ್ನೊಂದು ವರ್ಷಗಳಿಂದ ಅವನ ಕ್ಯಾಥೆಟರ್ ನೋಡಿಕೊಳ್ಳುತ್ತಿರುವ ಆಯಿ ಮತ್ತು ನಾನು ಎಲ್ಲೂ ಬಂದಿಲ್ಲ. ಅವನಿಗೆ ತಲೆ ಸಿಡಿಯುತ್ತಿದೆ ಎಂದರೆ ಅವನು ಬಾಯಿ ಬಿಡುವ ಮುನ್ನವೇ ಕಿವಿಯ ತುದಿ ಕೆಂಪಾಗುವುದನ್ನು ಆಯಿ ಗುರುತಿಸುತ್ತಾಳೆ. ದೋಣಿಯಲ್ಲಿ ನಮ್ಮಲ್ಲೊಬ್ಬರು ಇರುವುದಾದರೆ ಮಾತ್ರ ನನ್ನ ಒಪ್ಪಿಗೆ. ನನ್ನ ಪ್ರಶ್ನೆ ಇಷ್ಟು: ಮೂತ್ರದ ಚೀಲವನ್ನು ಮೈಗಂಟುವ ಡೈವಿಂಗ್ ಉಡುಪಾದ ವೆಟ್‌ಸೂಟಿನ ಒಳಗೆ ಹೇಗೆ ಇಡುತ್ತಾರೆ? ಒತ್ತಡಕ್ಕೆ ಅದು ಏನಾಗುತ್ತದೆ?

ರಿಹ್ಯಾಬ್ ಅಕ್ಕ:
ತಂಗೀ, ಕಿವಿಯ ತುದಿಯ ಮಾತು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಅದನ್ನು ಜೊತೆಗಾರರಿಬ್ಬರಿಗೂ ಹೇಳಿಕೊಡು, ಮತ್ತು ಅಣ್ಣನಿಗೆ ಕಿವಿ ಮುಚ್ಚುವ ಹುಡ್ ಹಾಕಬೇಡಿ ಎಂದೂ ಹೇಳು.

ಚೀಲದ ವಿಷಯ. ನೀರಿಗಿಳಿಯುವ ಮುನ್ನ ಪೂರ್ತಿ ಖಾಲಿ ಮಾಡಿ, ಒಳಗಿನ ಗಾಳಿಯನ್ನೂ ಹಿಂಡಿ ತೆಗೆಯಬೇಕು. ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಮೇಲೆ ಬರುವಾಗ ಮತ್ತೆ ಹಿಗ್ಗುತ್ತದೆ. ಇದೇ ಕಾರಣಕ್ಕೆ ಕ್ಯಾಥೆಟರಿನ ತುದಿಯ ಬಲೂನಿನಲ್ಲಿ ಶುದ್ಧ ನೀರೇ ಇದೆಯೇ ಎಂದು ಕ್ಯಾಥೆಟರ್ ಹಾಕಿದವರನ್ನು ಕೇಳಿ. ನೀರೇ ತುಂಬಬೇಕು, ಆದರೆ ಯಾರೋ ಅವಸರದಲ್ಲಿ ಗಾಳಿ ತುಂಬಿದ್ದರೆ ಆಳದಲ್ಲಿ ಬಲೂನು ಕುಗ್ಗಿ ಕ್ಯಾಥೆಟರ್ ಜಾರಬಹುದು. ನಳಿಕೆ ಎಲ್ಲೂ ಮಡಚದಂತೆ ತೊಡೆಯ ಹೊರಬದಿಗೆ ತಂದು, ವೆಟ್‌ಸೂಟನ್ನು ಒಂದು ಅಳತೆ ದೊಡ್ಡದು ಆರಿಸಿ, ಮುಂಭಾಗದಲ್ಲಿ ಉದ್ದ ಜಿಪ್ ಇರುವಂಥದ್ದಾದರೆ ಇನ್ನೂ ಒಳ್ಳೆಯದು. ಕಾಲಿಗೆ ಸಾಕ್ಸ್ ಮತ್ತು ಮೆತ್ತನೆಯ ಬೂಟಿ ಕಡ್ಡಾಯ. ಹವಳ ಗೀರಿದರೆ ಅವನಿಗೆ ತಿಳಿಯುವುದಿಲ್ಲ.

ಇನ್ನೊಂದು ವಿಷಯವನ್ನು ಹಿಂದೆ ಹೇಳಲು ಮರೆತೆ. ಪೆಟ್ಟಿನ ಕೆಳಗೆ ಅವನಿಗೆ ನಡುಕವೂ ಬರುವುದಿಲ್ಲ, ಬೆವರೂ ಬರುವುದಿಲ್ಲ. ನಮ್ಮ ಕರಾವಳಿಯ ನೀರು ಬೆಚ್ಚಗೆ ಎನಿಸಿದರೂ ಅರ್ಧ ಗಂಟೆಯಲ್ಲಿ ಅವನ ಮೈ ತಣ್ಣಗಾಗಬಹುದು, ಮತ್ತು ವೆಟ್‌ಸೂಟ್ ತೊಟ್ಟು ಮಾರ್ಚ್ ತಿಂಗಳ ಬಿಸಿಲಿನಲ್ಲಿ ದೋಣಿಯಲ್ಲಿ ಕುಳಿತರೆ ಅದೇ ಮೈ ಕುಲುಮೆಯಾಗಬಹುದು. ನೆರಳು, ತಣ್ಣೀರು ಸಿಂಪಡಿಸುವ ಬಾಟಲಿ, ಒಣ ಟವೆಲ್ ಮೂರೂ ಇರಲಿ.

ಕಡಲಮಗ:
ದೋಣಿಯಲ್ಲಿ ಒಂದು ಗಂಟೆಗೂ ಮೀರಿ ಅಲೆಯ ಮೇಲೆ ಹೋಗಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೆಮ್ಮು ದುರ್ಬಲವಿರುವವರಿಗೆ ವಾಂತಿ ಅಪಾಯ. ವಾಂತಿ ತಡೆಯುವ ಮಾತ್ರೆ ನಿದ್ದೆ ತರುತ್ತದೆ, ಹಾಗಾಗಿ ಯಾವುದನ್ನು ತೆಗೆದುಕೊಳ್ಳಬೇಕೆಂದು ವೈದ್ಯರನ್ನೇ ಕೇಳಿ. ಮೊದಲು ಒಂದು ದಿನ ಬರೀ ದೋಣಿಯಲ್ಲಿ ಹೋಗಿ ನೋಡಿ ಎಂದು ನನ್ನ ಸಲಹೆ. ಮಳೆಗಾಲದಲ್ಲಿ ಹೇಗೂ ದೋಣಿ ಬಿಡುವುದಿಲ್ಲ. ಅಕ್ಟೋಬರಿನವರೆಗೆ ಕೊಳದಲ್ಲಿ ಕಲಿಯಲು ಸಮಯ ಸಿಕ್ಕಂತಾಯಿತು.

ಲೆಕ್ಕಿಗ:
ಘಟ್ಟದವರು ಮರೆಯುವ ವಿಷಯ ಒಂದಿದೆ. ಮುಳುಗಿದಾಗ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು, ಅದಕ್ಕೆ ಮುನ್ನ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋದರೆ ಅದು ಗುಳ್ಳೆಗಟ್ಟಬಹುದು, ಅದಕ್ಕೇ ಡೈವ್ ಮಾಡಿದ ದಿನ ವಿಮಾನ ಹತ್ತಬಾರದು ಎನ್ನುತ್ತಾರೆ. ಒಂದೇ ಡೈವ್ ಆದರೆ 12 ಗಂಟೆ, ಹೆಚ್ಚು ಆದರೆ 18 ಗಂಟೆ. ಇದು ವಿಮಾನಕ್ಕಷ್ಟೇ ಅಲ್ಲ, ಎತ್ತರದ ಊರಿಗೂ ಅನ್ವಯಿಸುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಬೆಂಗಳೂರು 900 ಮೀಟರ್. ಸಂಜೆಯೇ ದೇವಿಮನೆ ಘಟ್ಟ ಹತ್ತಿ ಮನೆ ಸೇರೋಣ ಎಂದುಕೊಳ್ಳಬೇಡಿ, ರಾತ್ರಿ ಕೆಳಗೇ ಉಳಿಯಿರಿ.

ರಿಹ್ಯಾಬ್ ಅಕ್ಕ:
ಲೆಕ್ಕಿಗರ ಮಾತಿಗೆ ಒಂದು ಕಾರಣ ಸೇರಿಸುತ್ತೇನೆ. ಸಾರಜನಕದ ಗುಳ್ಳೆಗಳಿಂದ ಬರುವ ಕಾಯಿಲೆಯ ಲಕ್ಷಣಗಳೇ ಕಾಲು ಜೋಮು ಹಿಡಿಯುವುದು, ಬಲ ಕುಂದುವುದು, ಮೂತ್ರ ಕಟ್ಟುವುದು. ಇವೆಲ್ಲ ನಿನಗೆ ಈಗಾಗಲೇ ಇರುವುದರಿಂದ ಹೊಸದಾಗಿ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಎಲ್ಲಿಯವರೆಗೆ ಸ್ಪರ್ಶವಿದೆ, ಯಾವ ಸ್ನಾಯುವಿಗೆ ಎಷ್ಟು ಬಲವಿದೆ ಎಂದು ಮೊದಲೇ ನರತಜ್ಞರಿಂದ ಪರೀಕ್ಷೆ ಮಾಡಿಸಿ ಬರೆದಿಟ್ಟುಕೊಂಡು ಆ ಕಾಗದವನ್ನು ದೋಣಿಗೆ ಒಯ್ಯಬೇಕು. ಆಳ ಕಡಿಮೆ, ಸಮಯ ಕಡಿಮೆ, ಮೇಲೆ ಬರುವುದು ನಿಧಾನ.

ಒಂಟಿಗಾಲಿನ ಮಂಗಳೂರಿಗ:
ತೋಟದಮನೆಯವರೇ, ನನ್ನ ಶಿಕ್ಷಕರೊಡನೆ ಮಾತಾಡಿದೆ. ಕುತ್ತಿಗೆ ಪೆಟ್ಟಿನವರಿಗೆ ಕಲಿಸಿದ ಅನುಭವ ತನಗಿಲ್ಲ ಎಂದು ಮೊದಲೇ ಒಪ್ಪಿಕೊಂಡರು, ಆಮೇಲೆ ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಫೋನ್ ನಂಬರನ್ನು ನಿಮಗೆ ಖಾಸಗಿಯಾಗಿ ಕಳಿಸಿದ್ದೇನೆ.

ತೋಟದಮನೆ (ಐದು ವಾರಗಳ ನಂತರ):
ವರದಿ ಒಪ್ಪಿಸಲು ಬಂದಿದ್ದೇನೆ. ನರತಜ್ಞರು ಮತ್ತು ಎದೆಯ ವೈದ್ಯರು ಇಬ್ಬರೂ ಪರೀಕ್ಷಿಸಿ, ಈಜುಕೊಳಕ್ಕೆ ಒಪ್ಪಿ, ಸಮುದ್ರದ ವಿಷಯ ಆಮೇಲೆ ನೋಡೋಣ ಎಂದರು. ಮಂಗಳೂರಿನ ಕೊಳದಲ್ಲಿ ಈವರೆಗೆ ಮೂರು ತರಗತಿಗಳಾಗಿವೆ. ತಂಗಿ ಮೂರಕ್ಕೂ ಬಂದಿದ್ದಾಳೆ.

ಮೊದಲ ತರಗತಿಯಲ್ಲಿ ನೀರು ಎದೆಗೆ ಬಂದ ಕೂಡಲೇ ಯಾರೋ ಎದೆಯ ಮೇಲೆ ಕುಳಿತಂತಾಯಿತು. ಐದು ನಿಮಿಷ ಹಾಗೆಯೇ ಇದ್ದು, ಮೇಲೆ ಬಂದು, ಅಷ್ಟಕ್ಕೇ ಮನೆಗೆ ಹೋದೆವು. ಎರಡನೆಯದರಲ್ಲಿ ಮುಖ ಮುಳುಗಿಸಿ ರೆಗ್ಯುಲೇಟರಿನಿಂದ ಉಸಿರಾಡಿದೆ. ಕಾಲುಗಳು ಬೂಟಿ ಹಾಕಿದ್ದರೂ ನನ್ನನ್ನು ಕೇಳದೆ ಮೇಲೆದ್ದು ತೇಲಿದವು, ತಲೆ ಕೆಳಗಾಯಿತು. ಶಿಕ್ಷಕರು ನಕ್ಕು, ನಾನೂ ಗುಳ್ಳೆಗಳ ನಡುವೆಯೇ ನಕ್ಕು ಮಾಸ್ಕಿಗೆ ನೀರು ತುಂಬಿಸಿಕೊಂಡೆ. ಅದನ್ನು ಊದಿ ತೆಗೆಯಲು ನಾಲ್ಕು ಉಸಿರು ಬೇಕಾಯಿತು.

ಮೂರನೆಯ ದಿನ ಕಿವಿಯ ಸರದಿ. ಕೆಳಗಿಳಿಯುವಾಗ ಮೂಗು ಹಿಡಿದು ಊದಿ ಕಿವಿಯೊಳಗಿನ ಒತ್ತಡ ಸರಿಮಾಡಬೇಕು. ಬೆರಳು ಮಡಚದವನು ಮೂಗು ಹಿಡಿಯುವುದು ಹೇಗೆ? ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದರೆ ನನ್ನ ಹೆಬ್ಬೆರಳು ತಾನಾಗಿಯೇ ತೋರುಬೆರಳಿಗೆ ತಾಗುತ್ತದೆ, ಅದರಲ್ಲೇ ಲೋಟ ಹಿಡಿಯುತ್ತೇನೆ, ಆದರೆ ಮಾಸ್ಕಿನ ರಬ್ಬರನ್ನು ಅಮುಕುವಷ್ಟು ಬಲ ಅದಕ್ಕಿಲ್ಲ. ಕೊನೆಗೆ ಎರಡೂ ಕೈಗಳ ಗೆಣ್ಣುಗಳನ್ನು ಮೂಗಿನ ಎರಡು ಬದಿಗೆ ತಂದು ಭುಜದ ಬಲದಿಂದ ಒತ್ತಿದೆ. ಬಲಗಿವಿ ಟಿಕ್ ಎಂದಿತು. ಎಡಗಿವಿ ಒಪ್ಪಲಿಲ್ಲ, ಆದ್ದರಿಂದ ಎರಡು ಮೀಟರ್‌ಗೆ ನಿಲ್ಲಿಸಿ ಮೇಲೆ ಬಂದೆವು. ಶಿಕ್ಷಕರು ತಾವೇ ಮೂಗು ಹಿಡಿಯುತ್ತೇನೆಂದರು. ಇನ್ನೆರಡು ತರಗತಿ ನಾನೇ ಪ್ರಯತ್ನಿಸುತ್ತೇನೆ ಎಂದಿದ್ದೇನೆ.

ಮುಂದಿನ ಗುರುವಾರ ನಾಲ್ಕನೆಯದು. ಕಾಲು ತೇಲದಿರಲು ಹಿಮ್ಮಡಿಯ ಬಳಿ ತೂಕ ಕಟ್ಟಬೇಕಂತೆ. ಎಷ್ಟು ಕಟ್ಟುವುದು? ಚರ್ಮಕ್ಕೆ ತೊಂದರೆಯಾಗುವುದಿಲ್ಲವೇ?

ಶಾರ್ಜಾ ಕನ್ನಡಿಗ:
ಒಂದೊಂದು ಕಾಲಿಗೆ ಅರ್ಧ ಕಿಲೋದಿಂದ ಶುರುಮಾಡಿ. ಸೀಸದ ಗಟ್ಟಿ ಬೇಡ, ಸಣ್ಣ ಗುಂಡು ತುಂಬಿದ ಮೆತ್ತನೆಯ ಚೀಲ ಸಿಗುತ್ತದೆ. ಬೂಟಿಯ ಮೇಲೆಯೇ ಕಟ್ಟಿ, ಬರಿ ಚರ್ಮದ ಮೇಲೆ ಬೇಡ.

ರಿಹ್ಯಾಬ್ ಅಕ್ಕ:
ಬಿಚ್ಚಿದ ಕೂಡಲೇ ತಂಗಿ ಹಿಮ್ಮಡಿ ಮತ್ತು ಗೆಣ್ಣು ನೋಡಲಿ. ಕೆಂಪು ಕಲೆ ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಮುಂದಿನ ಸಲ ಜಾಗ ಬದಲಿಸಿ. ಕೈಯ ಗೆಣ್ಣನ್ನೂ ನೋಡಿಸು, ಮಾಸ್ಕಿಗೆ ಒತ್ತಿ ಒತ್ತಿ ಅಲ್ಲಿಯೂ ಸಿಪ್ಪೆ ಏಳುತ್ತದೆ.

ತೋಟದಮನೆಯ ತಂಗಿ:
ಎದ್ದಾಗಿದೆ ಅಕ್ಕಾ. ಎಡಗೈ ತೋರುಬೆರಳಿನ ಗೆಣ್ಣು. ಆಯಿ ನಿನ್ನೆಯೇ ಕೊಬ್ಬರಿ ಎಣ್ಣೆ ಹಚ್ಚಿ ಬೈದಳು, ಗುರುವಾರ ತಾನೂ ಬರುತ್ತಾಳಂತೆ.